ಇಡೀ ದಿನದ ಎಟಿವಿ ಸವಾರಿಗೆ ಎಷ್ಟು ಪೆಟ್ರೋಲ್, ಯಾವ ಕ್ಯಾನ್, ಏನೇನು ಸಾಮಾನು?

ಮೊದಲ ಸಲ ಎಟಿವಿಯಲ್ಲಿ, ಅಂದರೆ ಕಚ್ಚಾ ಹಾದಿಯಲ್ಲಿ ಓಡಿಸುವ ನಾಲ್ಕು ದಪ್ಪ ಚಕ್ರದ ಬೈಕಿನಂಥ ಗಾಡಿಯಲ್ಲಿ, ಇಡೀ ದಿನದ ಸವಾರಿಗೆ ಹೊರಟಾಗ ಹಿಂದಿನ ರ್ಯಾಕ್‌ಗೆ 20 ಲೀಟರ್‌ನ ಕಬ್ಬಿಣದ ಕ್ಯಾನ್ ಬಿಗಿದುಕೊಂಡು ಹೋಗಿದ್ದೆ. ಕಾಡಿನ ಮಧ್ಯೆ ಪೆಟ್ರೋಲ್ ಖಾಲಿಯಾದರೆ ಏನು ಗತಿ ಅನ್ನೋ ಭಯ. ಸಂಜೆ ವಾಪಸ್ ಬಂದು ನೋಡಿದರೆ ಅದರಲ್ಲಿ 17 ಲೀಟರ್ ಹಾಗೇ ಉಳಿದಿತ್ತು. ನೀರು ಮಾತ್ರ ಮಧ್ಯಾಹ್ನ ಎರಡಕ್ಕೇ ಮುಗಿದುಹೋಗಿತ್ತು. ಊಟದ ಚೀಲವನ್ನು ಕ್ಯಾನ್ ಪಕ್ಕದಲ್ಲೇ ಕಟ್ಟಿದ್ದೆ. ಬ್ರೆಡ್ಡಿಗೆಲ್ಲ ಪೆಟ್ರೋಲ್ ವಾಸನೆ ಹಿಡಿದು ಬಾಯಿಗಿಡೋಕೂ ಆಗಲಿಲ್ಲ.

ಆಮೇಲೆ ಗಮನಿಸುತ್ತಾ ಬಂದೆ. ನಾನೊಬ್ಬನೇ ಅಲ್ಲ, ಹೊಸಬರಲ್ಲಿ ಹೆಚ್ಚಿನವರು ಹೀಗೇ ಮಾಡುತ್ತಾರೆ. ಪೆಟ್ರೋಲ್ ವಿಷಯದಲ್ಲಿ ಅತಿ ಹೆದರಿಕೆ, ಉಳಿದದ್ದರಲ್ಲಿ ಅತಿ ಧೈರ್ಯ. ಅದಕ್ಕೇ ಇಲ್ಲಿ ಒಂದೊಂದು ವಿಷಯದಲ್ಲೂ ಇರುವ ಆಯ್ಕೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಯಾವುದು ಯಾರಿಗೆ ಸರಿ, ನಾನು ಯಾವುದನ್ನು ಆರಿಸುತ್ತೇನೆ, ಎರಡನ್ನೂ ಹೇಳುತ್ತೇನೆ.

ಲೆಕ್ಕ ಕಿಲೋಮೀಟರಿನಲ್ಲೋ, ಗಂಟೆಯಲ್ಲೋ?

ಕಾರು ಬೈಕು ಓಡಿಸಿದವರಿಗೆ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನೋದೇ ಅಭ್ಯಾಸ. ಟಾರು ರಸ್ತೆಯಲ್ಲಿ ಅದು ಸರಿ. ಕಾಡುಹಾದಿಯಲ್ಲಿ ಅದನ್ನು ನಂಬಿದರೆ ಮೋಸ ಹೋಗುತ್ತೀರಿ. ಕೆಸರಿನಲ್ಲಿ ಚಕ್ರ ಸುಮ್ನೆ ತಿರುಗುತ್ತಿದ್ದರೂ ಪೆಟ್ರೋಲ್ ಹೋಗುತ್ತಲೇ ಇರುತ್ತದೆ, ದೂರ ಮಾತ್ರ ಕೂಡುವುದಿಲ್ಲ. ಲೋ ಗೇರಿನಲ್ಲಿ ಕಲ್ಲು ಹತ್ತುವಾಗ, ಮರಳಿನಲ್ಲಿ ಹೂತು ಎದ್ದು ಸಾಗುವಾಗ, ಮುಂದಿನವನು ಸಿಕ್ಕಿಹಾಕಿಕೊಂಡಿದ್ದಾನೆ ಅಂತ ಎಂಜಿನ್ ಆರಿಸದೆ ಕಾಯುವಾಗಲೂ ಇದೇ ಕಥೆ.

ಹಾಗಾಗಿ ಗಂಟೆಯ ಲೆಕ್ಕವೇ ವಾಸಿ. ಎಂಜಿನ್ ಓಡಿದ ಗಂಟೆಗೆ ಎಷ್ಟು ಲೀಟರ್? ಹೆಚ್ಚಿನ ಎಟಿವಿಗಳಲ್ಲಿ ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಇರುತ್ತದೆ. ಅದನ್ನು ಸರ್ವಿಸ್ ದಿನ ಬಿಟ್ಟರೆ ಯಾರೂ ನೋಡುವುದಿಲ್ಲ, ಅಷ್ಟೇ. ನಿಮ್ಮ ಗಾಡಿಯ ಲೆಕ್ಕ ಹಿಡಿಯೋದು ಕಷ್ಟವಲ್ಲ. ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿಸಿ. ಅವರ್ ಮೀಟರ್ ಬರೆದಿಟ್ಟುಕೊಳ್ಳಿ. ಎರಡು ಮೂರು ಗಂಟೆ ಹಾದಿಯಲ್ಲಿ ಓಡಿಸಿ. ಮತ್ತೆ ಅದೇ ಗುರುತಿಗೆ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತು ನೋಡಿ.

ಒಂದು ಉದಾಹರಣೆ. 3 ಗಂಟೆಗೆ 7 ಲೀಟರ್ ಹೋಯಿತು ಅನ್ನಿ. ಗಂಟೆಗೆ ಸುಮಾರು 2.3 ಲೀಟರ್ ಆಯಿತು. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಐದಕ್ಕೆ ಬರುವ ಸವಾರಿಯಲ್ಲಿ ಊಟ, ವಿಶ್ರಾಂತಿ, ಫೋಟೋ ಎಲ್ಲ ಕಳೆದು ಎಂಜಿನ್ ಓಡುವುದು 6 ಗಂಟೆ ಇರಬಹುದು. ಬೇಕಾದದ್ದು 14 ಲೀಟರ್. 17 ಲೀಟರ್ ಟ್ಯಾಂಕ್ ಇದ್ದರೆ ಅದರಲ್ಲೇ ಆಯಿತು ಅಂತ ಅನ್ನಿಸುತ್ತದೆ, ಅಲ್ವಾ? ಇನ್ನೂ ಆಗಿಲ್ಲ, ಮೀಸಲಿನ ಲೆಕ್ಕ ಬಾಕಿ ಇದೆ.

ಮೀಸಲು ಎಷ್ಟು?

ಇದಕ್ಕೆ ಎರಡು ಪದ್ಧತಿಗಳಿವೆ. ಒಂದು, ಬೇಕಾದ್ದರ ಮೇಲೆ ಮೂರನೇ ಒಂದು ಭಾಗ ಸೇರಿಸೋದು. ಇನ್ನೊಂದು, ಇರುವ ಪೆಟ್ರೋಲನ್ನು ಮೂರು ಪಾಲು ಮಾಡಿ ಒಂದು ಪಾಲು ಹೋಗೋಕೆ, ಒಂದು ಬರೋಕೆ, ಒಂದು ಮುಟ್ಟದೇ ಇಡೋಕೆ ಅಂತ ಹಂಚೋದು. ಕೇಳಲು ಎರಡೂ ಒಂದೇ ಅನ್ನಿಸುತ್ತವೆ, ಆದರೆ ಅಲ್ಲ. 14 ಲೀಟರ್ ಸವಾರಿಗೆ ಮೊದಲನೆಯದು ಸುಮಾರು 19 ಲೀಟರ್ ಕೇಳುತ್ತದೆ, ಎರಡನೆಯದು 21.

ಗೊತ್ತಿರುವ ಹಾದಿ, ಸುತ್ತು ಹಾಕಿ ಹೊರಟಲ್ಲಿಗೇ ಬರುವ ದಾರಿ, ಜೊತೆಗೆ ಇನ್ನೊಂದು ಗಾಡಿ ಇದೆ ಅಂದರೆ ಮೊದಲ ಪದ್ಧತಿ ಸಾಕು. ಗೊತ್ತಿಲ್ಲದ ಜಾಗ, ಹೋದ ದಾರಿಯಲ್ಲೇ ಬರಬೇಕು, ಅಥವಾ ಒಬ್ಬರೇ ಹೋಗುತ್ತಿದ್ದೀರಿ ಅಂದರೆ ಮೂರು ಪಾಲಿನ ಪದ್ಧತಿ. ಅದರಲ್ಲಿ ಇನ್ನೊಂದು ಅನುಕೂಲವೂ ಇದೆ. ಒಂದು ಪಾಲು ಮುಗಿದ ಕ್ಷಣ ಗಾಡಿ ತಿರುಗಿಸಬೇಕು ಅನ್ನೋದು ಸ್ಪಷ್ಟ, ಇನ್ನೊಂದು ಗುಡ್ಡ ನೋಡಿಬಿಡೋಣ ಅನ್ನೋ ವಾದಕ್ಕೆ ಜಾಗವೇ ಇಲ್ಲ. ಸುತ್ತುದಾರಿಯಲ್ಲಿ ಹಾಗೆ ತಿರುಗುವ ಜಾಗ ಇರುವುದಿಲ್ಲ. ಅರ್ಧ ದಾಟಿದ ಮೇಲೆ ಮುಂದೆ ಹೋಗೋದೇ ಹತ್ತಿರ. ಹಾಗಾಗಿ ಅರ್ಧ ದಾರಿಗೆ ಬರುವ ಮೊದಲೇ ಒಂದು ಸಲ ನಿಂತು ಲೆಕ್ಕ ನೋಡಿಕೊಳ್ಳಿ.

ಟ್ಯಾಂಕಿನ ತಳದ ಒಂದು ಲೀಟರನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದರೆ ಆ ಕೊನೆಯ ಭಾಗ ಪಂಪಿಗೆ ಸಿಗದೇ ಹೋಗಬಹುದು. ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಸಾಮಾನ್ಯವಾಗಿ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಪೆಟ್ರೋಲೇ ಅದನ್ನು ತಂಪಾಗಿ ಇಡುತ್ತದೆ. ಪದೇ ಪದೇ ಪೂರ್ತಿ ಬರಿದು ಮಾಡಿ ಓಡಿಸಿದರೆ ಪಂಪಿಗೇ ಪೆಟ್ಟು. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ರಿಸರ್ವ್ ಕೀಲಿ ಇರುತ್ತಿತ್ತು. ಎಂಜಿನ್ ಮುಗ್ಗರಿಸಿದಾಗ ಕೀಲಿ ತಿರುಗಿಸಿದರೆ ಮನೆ ಸೇರುವಷ್ಟು ಇದೆ ಅಂತ ಗೊತ್ತಾಗುತ್ತಿತ್ತು. ಹೊಸ ಗಾಡಿಯಲ್ಲಿ ಇರೋದು ಪರದೆ ಮೇಲಿನ ಗೆರೆಗಳು ಮಾತ್ರ. ಏರಿನಲ್ಲಿ ಅವು ಒಂದು ಹೇಳುತ್ತವೆ, ಇಳಿಯುವಾಗ ಇನ್ನೊಂದು. ಸಮತಟ್ಟು ಜಾಗದಲ್ಲಿ ನಿಂತು ನೋಡಿದರೆ ಮಾತ್ರ ನಂಬಿ.

ಈಗ ಉದಾಹರಣೆಗೆ ವಾಪಸ್ ಬರೋಣ. 19 ಲೀಟರ್ ಬೇಕು, ಟ್ಯಾಂಕಿನಲ್ಲಿ ಬಳಸಬಹುದಾದದ್ದು 16. ಕಡಿಮೆ ಬಿದ್ದದ್ದು ಮೂರೇ ಲೀಟರ್. 20 ಲೀಟರ್ ಕ್ಯಾನ್ ಯಾಕೆ ಬೇಕಿತ್ತು?

ಮಳೆ ಬಿದ್ದ ವಾರವಾದರೆ ಚಿತ್ರ ಬದಲಾಗುತ್ತದೆ. ಕೆಸರಿನಲ್ಲಿ ಗಂಟೆಗೆ 3.5 ಲೀಟರ್ ಹೋಗುತ್ತದೆ ಅನ್ನಿ. ಅದೇ 6 ಗಂಟೆಗೆ 21 ಲೀಟರ್, ಮೀಸಲು ಸೇರಿ 28. ಈಗ 12 ಲೀಟರ್ ಹೊರಬೇಕು. ಅಥವಾ ಸವಾರಿಯನ್ನು 4 ಗಂಟೆಗೆ ಇಳಿಸಿದರೆ ಮತ್ತೆ ಅದೇ 19 ಲೀಟರಿಗೆ ಬಂದು ನಿಲ್ಲುತ್ತದೆ. ನಾನಾದರೆ ದಾರಿಯನ್ನೇ ಕತ್ತರಿಸುತ್ತೇನೆ. ಕೆಸರಿನಲ್ಲಿ 4 ಗಂಟೆ ಓಡಿಸಿದವರಿಗೆ ಇನ್ನೆರಡು ಗಂಟೆ ಬೇಕು ಅನ್ನಿಸಿದ್ದನ್ನು ನಾನಂತೂ ನೋಡಿಲ್ಲ.

ಯಾವುದರಲ್ಲಿ ಒಯ್ಯೋದು?

ಹೆಚ್ಚಿನ ಚರ್ಚೆ ನಡೆಯೋದು ಇಲ್ಲೇ. ಮೊದಲು ತೂಕ ತಿಳಿದಿರಲಿ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ. ನೀರಿಗಿಂತ ಹಗುರ, ಆದರೆ ಹತ್ತಿಯೇನಲ್ಲ.

ಹಳೆಯ ಕಬ್ಬಿಣದ ಜೆರ್ರಿಕ್ಯಾನ್ ಗಟ್ಟಿಮುಟ್ಟು. 1930ರ ದಶಕದಲ್ಲಿ ಜರ್ಮನ್ ಸೇನೆಗಾಗಿ ಮಾಡಿದ ವಿನ್ಯಾಸ ಅದು. ಜರ್ಮನರನ್ನು ಬ್ರಿಟಿಷ್ ಸೈನಿಕರು ಜೆರ್ರಿ ಅಂತ ಕರೆಯುತ್ತಿದ್ದರು, ಹೆಸರು ಅಲ್ಲಿಂದ ಬಂತು. ಮೇಲೆ ಮೂರು ಹಿಡಿ ಯಾಕಿವೆ ಗೊತ್ತಾ? ತುಂಬಿದ ಕ್ಯಾನನ್ನು ಒಬ್ಬರು ನಡುವಿನ ಹಿಡಿಯಿಂದ ಎತ್ತಬಹುದು, ಇಬ್ಬರು ಅಂಚಿನ ಹಿಡಿಗಳನ್ನು ಹಿಡಿದು ಒಯ್ಯಬಹುದು, ಖಾಲಿಯಾದ ಎರಡು ಕ್ಯಾನನ್ನು ಒಂದೇ ಕೈಯಲ್ಲಿ ಹಿಡಿಯಬಹುದು. ಬುದ್ಧಿವಂತರ ಕೆಲಸ. ಆದರೆ ಅದು ಟ್ರಕ್ಕಿಗೆ, ಜೀಪಿಗೆ ಮಾಡಿದ್ದು. ಪೂರ್ತಿ ತುಂಬಿದರೆ 15 ಕಿಲೋ ಪೆಟ್ರೋಲ್, 4 ಕಿಲೋ ಕಬ್ಬಿಣ. ಎಟಿವಿಯ ಹಿಂದಿನ ರ್ಯಾಕ್‌ಗೆ ಇದು ಹೊರಲಾರದ ಭಾರವೇನಲ್ಲ. ತೊಂದರೆ ಎತ್ತರದ್ದು. ನಿಂತ ಕ್ಯಾನಿನ ಭಾರ ರ್ಯಾಕ್‌ಗಿಂತಲೂ ಮೇಲೆ ಹೋಗಿ ಕೂರುತ್ತದೆ. ಓರೆ ಇಳಿಜಾರಿನಲ್ಲಿ ಗಾಡಿ ಒಂದು ಕಡೆ ವಾಲಿದಾಗ ಬೆನ್ನ ಹಿಂದಿನಿಂದ ಯಾರೋ ಎಳೆದಂತಾಗುತ್ತದೆ. ಅರ್ಧ ಖಾಲಿಯಾದ ಮೇಲೆ ಒಳಗಿನ ಪೆಟ್ರೋಲ್ ಕುಲುಕಿ ಅದು ಇನ್ನೂ ಜಾಸ್ತಿ.

ಚಪ್ಪಟೆ ಪ್ಲಾಸ್ಟಿಕ್ ಕ್ಯಾನುಗಳು ಬೇರೆ ಜಾತಿ. ರೋಟೊಪ್ಯಾಕ್ಸ್ ಥರದವು ನೋಡಿರುತ್ತೀರಿ. ರ್ಯಾಕ್‌ಗೆ ಒಂದು ಕೀಲು ಬೋಲ್ಟ್ ಮಾಡಿ, ಕ್ಯಾನನ್ನು ಅದರ ಮೇಲೆ ಮಲಗಿಸಿ, ಹಿಡಿ ತಿರುಗಿಸಿ ಬಿಗಿ ಮಾಡೋದು. ಸುಮಾರು 4 ಲೀಟರಿನಿಂದ ಶುರುವಾಗಿ ದೊಡ್ಡ ಅಳತೆಗಳೂ ಇವೆ. ಬೆಲೆ ಜಾಸ್ತಿ. ಮೂತಿ ನಿಧಾನ, ಕೆಲವದರಲ್ಲಿ ಸುರಿಯೋಕೆ ತಾಳ್ಮೆ ಬೇಕು. ಆದರೆ ಭಾರ ಕೆಳಗಿರುತ್ತದೆ, ಅಲುಗಾಡುವುದಿಲ್ಲ, ಮೇಲೆ ಬೇರೆ ಚೀಲವನ್ನೂ ಕಟ್ಟಬಹುದು. ವರ್ಷಕ್ಕೆ ನಾಲ್ಕೈದು ಸಲವಾದರೂ ದೂರ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮೇಲಿನ ಲೆಕ್ಕದ ಮೂರು ಲೀಟರಿಗೆ 4 ಲೀಟರಿನ ಒಂದು ಕ್ಯಾನ್ ಧಾರಾಳ.

ಮೂರನೆಯದು ಮಡಚುವ ಫ್ಯೂಯಲ್ ಬ್ಲಾಡರ್, ಅಂದರೆ ದಪ್ಪ ಚೀಲ. ಖಾಲಿಯಾದ ಮೇಲೆ ಸುರುಳಿ ಸುತ್ತಿ ಪೆಟ್ಟಿಗೆಗೆ ಹಾಕಬಹುದು ಅನ್ನೋದೇ ಇದರ ದೊಡ್ಡ ಗುಣ. ಗಟ್ಟಿ ಕ್ಯಾನು ಖಾಲಿಯಾದರೂ ಅಷ್ಟೇ ಜಾಗ ತಿನ್ನುತ್ತದೆ. ಆದರೆ ಚೀಲವನ್ನು ಬರೀ ರ್ಯಾಕ್ ಮೇಲೆ ಹಾಕಿ ಹಗ್ಗ ಬಿಗಿದರೆ ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ತೂತಾಗಬಹುದು. ಕೆಳಗೆ ದಪ್ಪ ರಬ್ಬರ್ ಹಾಸು ಬೇಕೇ ಬೇಕು. ಅಪರೂಪಕ್ಕೆ ಹೋಗುವವರಿಗೆ, ಬೆಳಿಗ್ಗೆ ಮೊದಲ ಎರಡು ಗಂಟೆಯಲ್ಲೇ ಅದನ್ನು ಟ್ಯಾಂಕಿಗೆ ಸುರಿದು ಮುಗಿಸುವವರಿಗೆ ಇದು ಚೆನ್ನ. ಸ್ಟೌವಿನ ಇಂಧನಕ್ಕಾಗಿ ಮಾಡಿದ ಒಂದು ಲೀಟರಿನ ಅಲ್ಯೂಮಿನಿಯಂ ಬಾಟಲಿಯೂ ಇದೆ. ಅದನ್ನು ಸವಾರಿಗೆ ಅಂತ ಲೆಕ್ಕ ಹಾಕಬೇಡಿ, ಪೂರ್ತಿ ಆಪತ್ತಿಗೆ ಮಾತ್ರ.

ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ಒಯ್ಯೋದು ಆಯ್ಕೆಯೇ ಅಲ್ಲ. ಮುಚ್ಚಳ ಒಸರುತ್ತದೆ, ಬಿಸಿಲಿಗೆ ಉಬ್ಬುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಾರಿದವರು ನೋಡದೇ ಎತ್ತಿಕೊಂಡುಬಿಡಬಹುದು.

ಇನ್ನು ದಾರಿಯಲ್ಲಿ ಮೊದಲೇ ಎಲ್ಲೋ ಪೆಟ್ರೋಲ್ ಇಟ್ಟು ಬರುವ ಉಪಾಯ. ಕಾಗದದ ಮೇಲೆ ಚೆಂದ. ಬಿಸಿಲಿಗೆ ಸಿಕ್ಕೀತು, ಯಾರಾದರೂ ಎತ್ತಿಕೊಂಡು ಹೋದಾರು, ಪ್ರಾಣಿ ಉರುಳಿಸೀತು, ಸೋರಿ ಮಣ್ಣಿಗೆ ಸೇರೀತು. ಅದು ಅಲ್ಲಿದೆ ಅಂತ ನಂಬಿ ಹೋಗಿ ಇಲ್ಲದಿದ್ದರೆ ಮೊದಲಿಗಿಂತ ಕೆಟ್ಟ ಪರಿಸ್ಥಿತಿ. ನಡುವೆ ಟಾರು ರಸ್ತೆ ಹಾಯುವ ಜಾಗವಿದ್ದರೆ, ಅಲ್ಲಿ ಯಾರಾದರೂ ಕಾರಿನಲ್ಲಿ ತಂದುಕೊಡುವಂತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಊಟವನ್ನೂ ಅವರ ಕೈಗೇ ಕೊಟ್ಟುಬಿಡಿ.

ತುಂಬುವಾಗ, ಕಟ್ಟುವಾಗ

ಕ್ಯಾನನ್ನು ಯಾವತ್ತೂ ನೆಲದ ಮೇಲಿಟ್ಟೇ ತುಂಬಿಸಿ. ಗಾಡಿಯ ರ್ಯಾಕ್ ಮೇಲೆ, ಪಿಕಪ್ಪಿನ ಪ್ಲಾಸ್ಟಿಕ್ ಹಾಸಿನ ಮೇಲೆ ಇಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ ಸೇರಿಕೊಂಡು ಕಿಡಿ ಹಾರುವ ಅಪಾಯವಿದೆ. ಪಂಪಿನ ನಳಿಗೆ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ.

ಬಾಯಿವರೆಗೆ ತುಂಬಿಸಬೇಡಿ. ಪೆಟ್ರೋಲ್ ಒಂದು ಡಿಗ್ರಿ ಬಿಸಿ ಏರಿದರೆ ಸಾವಿರಕ್ಕೆ ಒಂದು ಪಾಲಿನಷ್ಟು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ಬೆಳಿಗ್ಗೆ 15 ಡಿಗ್ರಿಯಲ್ಲಿ ತುಂಬಿಸಿದ 20 ಲೀಟರ್ ಬಿಸಿಲಲ್ಲಿ 40 ಡಿಗ್ರಿಗೆ ಏರಿದರೆ ಅರ್ಧ ಲೀಟರ್ ಹೆಚ್ಚಾಗಿರುತ್ತದೆ, ಅದಕ್ಕೆ ಜಾಗ ಬೇಕಲ್ಲ. ಜೊತೆಗೆ ಆವಿಯ ಒತ್ತಡ ಬೇರೆ. ಮಧ್ಯಾಹ್ನ ಮುಚ್ಚಳ ತಿರುಗಿಸಿದ ಕೂಡಲೇ ಉಸ್ ಅಂತ ಸದ್ದು ಬರುತ್ತದೆ. ಮುಖ ಪಕ್ಕಕ್ಕಿಟ್ಟು ನಿಧಾನವಾಗಿ ತಿರುಗಿಸಿ. ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಟ್ಯಾಂಕಿಗೆ ಸುರಿಯುವ ಮುಂಚೆ ಎಂಜಿನ್ ಆರಿಸಿ, ಹತ್ತು ನಿಮಿಷ ತಣಿಯೋಕೆ ಬಿಡಿ. ಊಟಕ್ಕೆ ನಿಂತ ಜಾಗವೇ ಇದಕ್ಕೆ ಸರಿ. ಮೊದಲು ಊಟ, ಆಮೇಲೆ ಪೆಟ್ರೋಲ್. ಕೈಗೆ ವಾಸನೆ ಹತ್ತಿದ ಮೇಲೆ ಊಟ ಮಾಡೋದು ಹೇಗಿರುತ್ತೆ ಅಂತ ನನ್ನನ್ನು ಕೇಳಿ.

ಕ್ಯಾನು ಸೈಲೆನ್ಸರಿನಿಂದ ದೂರ ಇರಲಿ. ಮುಂದಿನ ರ್ಯಾಕ್ ಹೊರುವ ಭಾರ ಸಾಮಾನ್ಯವಾಗಿ ಹಿಂದಿನದರ ಅರ್ಧದಷ್ಟೇ. ಹಲವು ಗಾಡಿಗಳಲ್ಲಿ ಮುಂದೆ 40 ಕಿಲೋ, ಹಿಂದೆ 80 ಕಿಲೋ ಆಸುಪಾಸು. ನಿಮ್ಮದು ಎಷ್ಟು ಅಂತ ರ್ಯಾಕ್ ಮೇಲಿನ ಚೀಟಿಯಲ್ಲೇ ಇರುತ್ತದೆ. ಹೊರಟು ಅರ್ಧ ಗಂಟೆಯಾದ ಮೇಲೆ ಒಮ್ಮೆ ನಿಂತು ಪಟ್ಟಿಗಳನ್ನು ಎಳೆದು ನೋಡಿ. ಮೊದಲ ಅರ್ಧ ಗಂಟೆಯಲ್ಲಿ ಎಲ್ಲ ಸಾಮಾನೂ ಕುಲುಕಿ ಕೆಳಗೆ ಕೂರುತ್ತದೆ, ಬಿಗಿ ಅನ್ನಿಸಿದ್ದ ಪಟ್ಟಿ ಜೋತು ಬಿದ್ದಿರುತ್ತದೆ.

ನೀರು: ಬೆನ್ನಿಗೋ, ಬಾಟಲಿಗೋ, ಹೊಳೆಗೋ

ಎಟಿವಿ ಅಂದರೆ ಕೂತು ಹೋಗೋದು, ಬೆವರೇನು ಬರುತ್ತೆ ಅಂದುಕೊಳ್ಳೋರು ಒಂದು ದಿನ ಓಡಿಸಿ ನೋಡಲಿ. ಹೆಲ್ಮೆಟ್, ಕೈಗವಸು, ದಪ್ಪ ಅಂಗಿ, ಕಾಲ ಕೆಳಗೆ ಎಂಜಿನ್ ಬಿಸಿ. ಅರ್ಧ ಹೊತ್ತು ನಿಂತೇ ಓಡಿಸಬೇಕು. ತಂಪು ದಿನವಾದರೆ ಒಬ್ಬರಿಗೆ 3 ಲೀಟರ್ ಸಾಕಾಗಬಹುದು. ಬಿಸಿಲಾದರೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕ ಹಾಕಿ.

ಬೆನ್ನಿಗೆ ಹಾಕುವ, ನಳಿಗೆಯಿಂದ ಹೀರುವ ನೀರಿನ ಚೀಲದ ಗುಣ ಏನಂದರೆ ಕುಡಿಯೋಕೆ ನಿಲ್ಲಬೇಕಿಲ್ಲ. ನಿಲ್ಲಬೇಕಿಲ್ಲ ಅಂದರೆ ಹೆಚ್ಚು ಸಲ ಕುಡಿಯುತ್ತೀರಿ. ಜೊತೆಗೆ ಗಾಡಿ ಎಲ್ಲೋ ಕೆಟ್ಟು ನಡೆಯಬೇಕಾಗಿ ಬಂದರೆ ನೀರು ನಿಮ್ಮ ಮೈ ಮೇಲೇ ಇರುತ್ತದೆ. ಕೊರತೆ ಒಂದೇ, ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ. ಹೀರಿದಾಗ ಗಾಳಿ ಬಂದಾಗಲೇ ಗೊತ್ತಾಗೋದು. ಬಾಟಲಿಯಲ್ಲಿ ಲೆಕ್ಕ ಕಣ್ಣಿಗೆ ಕಾಣುತ್ತದೆ, ಆದರೆ ಪೆಟ್ಟಿಗೆ ತೆಗೆದು ಕುಡಿಯೋ ಅಷ್ಟರಲ್ಲಿ ಗುಂಪು ಮುಂದೆ ಹೋಗಿರುತ್ತದೆ, ಮುಂದಿನ ನಿಲುಗಡೆಗೆ ಕುಡಿದರಾಯಿತು ಅನ್ನಿಸುತ್ತದೆ. ನಾನು ಎರಡನ್ನೂ ಒಯ್ಯುತ್ತೇನೆ. ಬೆನ್ನಿಗೆ 2 ಲೀಟರ್, ಪೆಟ್ಟಿಗೆಯಲ್ಲಿ ಎರಡು ಬಾಟಲಿ. ಚೀಲ ಖಾಲಿಯಾಯಿತು ಅಂದರೆ ಬಾಟಲಿಯಿಂದ ತುಂಬಿಸಿಕೊಳ್ಳುವ ಹೊತ್ತು, ಅದೇ ನನ್ನ ನೀರಿನ ಮೀಟರ್.

ದಾರಿಯಲ್ಲಿ ಹೊಳೆ ಇದೆ, ಅಲ್ಲೇ ತುಂಬಿಸಿಕೊಳ್ಳೋಣ ಅನ್ನುವವರು ಫಿಲ್ಟರ್ ಒಯ್ಯಬೇಕು. ಕೈಗೆ ಸಿಗುವ ಸಣ್ಣ ನಾಳದ ಫಿಲ್ಟರುಗಳು ಬ್ಯಾಕ್ಟೀರಿಯಾ, ಪರಾವಲಂಬಿ ಜೀವಿಗಳನ್ನು ತಡೆಯುತ್ತವೆ. ಹೆಚ್ಚಿನವು ವೈರಸ್ ತಡೆಯುವುದಿಲ್ಲ. ಒಮ್ಮೆ ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟುವ ಚಳಿಗೆ ಸಿಕ್ಕರೆ ಒಳಗಿನ ನಾಳ ಒಡೆಯುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಹಗುರ, ವೈರಸ್‌ಗೂ ಆಗುತ್ತದೆ, ಆದರೆ ಕಾಯಬೇಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗೆ 4 ಗಂಟೆ. ಎಟಿವಿಗಳು ಹಾದುಹೋಗುವ ಹೊಳೆಯಲ್ಲಿ ಎಣ್ಣೆ, ಪೆಟ್ರೋಲ್ ಬೆರೆತಿದ್ದರೆ ಅವೆರಡೂ ಕೆಲಸಕ್ಕೆ ಬರುವುದಿಲ್ಲ. ದಾಟುವ ಜಾಗಕ್ಕಿಂತ ಮೇಲಕ್ಕೆ ನಡೆದುಹೋಗಿ ತುಂಬಿಸಿ. ಒಂದು ದಿನದ ಸವಾರಿಗೆ ನೀರನ್ನು ಹೊತ್ತೊಯ್ಯೋದೇ ಸುಲಭ. ಮಾತ್ರೆ ನಾಲ್ಕು ಜೇಬಿನಲ್ಲಿದ್ದರೆ ಭಾರವೇನಿಲ್ಲ.

ಊಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕುಲುಕಿದರೆ ಕೆಡದ್ದು, ಬಿಸಿಲಿಗೆ ಹಳಸದ್ದು, ಒಂದೇ ಕೈಯಲ್ಲಿ ತಿನ್ನಬಹುದಾದದ್ದು. ಕಾಳುಬೀಜ, ಒಣಹಣ್ಣು, ಸುತ್ತಿದ ರೊಟ್ಟಿ. ಒಂದು ಹೊತ್ತಿನದು ಹೆಚ್ಚಿಗೆ ಇರಲಿ, ಅದನ್ನು ಪೆಟ್ರೋಲಿನಿಂದ ಬೇರೆ ರ್ಯಾಕ್‌ನಲ್ಲಿ ಕಟ್ಟಿ.

ಪಂಕ್ಚರ್: ಸಿಲಿಂಡರೋ, ಪಂಪೋ?

ಎಟಿವಿ ಟೈರಿನಲ್ಲಿ ಗಾಳಿ ತೀರಾ ಕಡಿಮೆ, ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ. ಕಾರಿನ ಗೇಜು ಅಷ್ಟು ಕೆಳಗೆ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜೇ ಬೇಕು. ಟ್ಯೂಬ್‌ಲೆಸ್ ಆದ್ದರಿಂದ ತೂತಿಗೆ ಪ್ಲಗ್ ತುರುಕಿದರೆ ಸಾಮಾನ್ಯವಾಗಿ ಮನೆವರೆಗೆ ಬರುತ್ತದೆ.

ಗಾಳಿ ತುಂಬೋಕೆ ಮೂರು ದಾರಿ. ಸೈಕಲ್ಲಿನವರು ಬಳಸುವ ಪುಟ್ಟ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ನೋಡೋಕೆ ಮುದ್ದು, ಆದರೆ ಎಟಿವಿ ಟೈರು ದೊಡ್ಡದು. 16 ಗ್ರಾಂನ ಒಂದರಲ್ಲಿ ಆಗುವುದಿಲ್ಲ, ಮೂರು ನಾಲ್ಕು ಹಿಡಿಯುತ್ತದೆ. ಎರಡನೇ ಪಂಕ್ಚರಿಗೆ ಕೈ ಖಾಲಿ. ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟ್ ಪಂಪು ಎಷ್ಟು ಸಲ ಬೇಕಾದರೂ ತುಂಬುತ್ತದೆ. ನನ್ನ ಆಯ್ಕೆ ಅದೇ. ಕೈಪಂಪು ಕೆಡೋದಿಲ್ಲ, ಬ್ಯಾಟರಿ ಕೇಳೋದಿಲ್ಲ, ತೋಳು ಮಾತ್ರ ಕೇಳುತ್ತದೆ. ಒಬ್ಬರೇ ಹೋಗುವವರು ಅದನ್ನೂ ಇಟ್ಟುಕೊಂಡರೆ ತಪ್ಪಿಲ್ಲ.

ಬೆಲ್ಟಿನಿಂದ ಓಡುವ ಗಾಡಿಯಾದರೆ ಒಂದು ಹೊಸ ಬೆಲ್ಟು, ಅದನ್ನು ಬದಲಿಸುವ ಸ್ಪ್ಯಾನರು. ಒಮ್ಮೆ ಮನೆಯಲ್ಲೇ ಬದಲಿಸಿ ನೋಡಿ. ಕತ್ತಲಲ್ಲಿ, ಕೆಸರಲ್ಲಿ ಮೊದಲ ಪಾಠ ಬೇಡ.

ಹೂತರೆ: ವಿಂಚೋ, ಹಗ್ಗವೋ?

ಜೊತೆಗೆ ಇನ್ನೊಂದು ಗಾಡಿ ಇದ್ದರೆ ಗಟ್ಟಿ ಎಳೆಯುವ ಪಟ್ಟಿ, ಎರಡು ಕೊಂಡಿ ಸಾಕು. ಒಬ್ಬರೇ ಆದರೆ ವಿಂಚ್ ಬೇಕು, ಅಂದರೆ ಗಾಡಿಯ ಬ್ಯಾಟರಿಯಿಂದ ಓಡುವ, ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಮೋಟಾರು. ಎಳೆಯೋಕೆ ಬೇರೆ ಯಾರಿದ್ದಾರೆ? ಒಂದು ಪುಲ್ಲಿ ಜೊತೆಗಿದ್ದರೆ ಎಳೆಯುವ ಬಲ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ. ಮರಕ್ಕೆ ಸುತ್ತೋಕೆ ಅಗಲ ಪಟ್ಟಿ ಇರಲಿ, ಬರೀ ಹಗ್ಗ ಸುತ್ತಿದರೆ ತೊಗಟೆ ಕತ್ತರಿಸುತ್ತದೆ, ಹಗ್ಗವೂ ಹಾಳು. ಎಳೆಯುವಾಗ ಎಂಜಿನ್ ಓಡುತ್ತಿರಲಿ, ಇಲ್ಲದಿದ್ದರೆ ಬ್ಯಾಟರಿ ಬರಿದಾಗಿ, ಕೆಸರಿನಿಂದ ಮೇಲೆ ಬಂದ ಗಾಡಿ ಸ್ಟಾರ್ಟೇ ಆಗದೇ ಹೋಗಬಹುದು. ಬಿಗಿಯಾದ ಹಗ್ಗದ ಮೇಲೆ ಒಂದು ದಪ್ಪ ಜಾಕೆಟ್ ಹಾಕಿ ದೂರ ನಿಲ್ಲಿ.

ಸುದ್ದಿ ಕಳಿಸೋಕೆ

ಇಲ್ಲಿ ಉಳಿತಾಯ ಮಾಡಬೇಡಿ ಅನ್ನೋದು ನನ್ನ ಮಾತು. ಮೊಬೈಲ್ ಒಳ್ಳೆಯ ನಕ್ಷೆ. ಮೊದಲೇ ನಕ್ಷೆ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ. ಏರೋಪ್ಲೇನ್ ಮೋಡಿನಲ್ಲಿ ಇಟ್ಟರೆ ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿ ಮಾಡಿಕೊಳ್ಳುವುದಿಲ್ಲ. ಆದರೆ ಕಣಿವೆಯಲ್ಲಿ ಅದು ಫೋನ್ ಅಲ್ಲ. ಕೈಯಲ್ಲಿ ಹಿಡಿಯುವ ರೇಡಿಯೋ ಗುಂಪಿನೊಳಗೆ ಮಾತಾಡೋಕೆ ಮಾತ್ರ, ನಡುವೆ ಗುಡ್ಡ ಬಂದರೆ ಅದೂ ಇಲ್ಲ.

ಉಪಗ್ರಹದ ಸಾಧನಗಳಲ್ಲಿ ಎರಡು ಬಗೆ. ಗಾರ್ಮಿನ್ ಇನ್‌ರೀಚ್ ಥರದ ಮೆಸೆಂಜರಿನಲ್ಲಿ ಎರಡೂ ಕಡೆ ಸಂದೇಶ ಹೋಗುತ್ತದೆ. ಬೆಲ್ಟು ಹೋಯಿತು, ತಡವಾಗುತ್ತೆ, ಗಾಬರಿ ಬೇಡ ಅಂತ ಮನೆಗೆ ತಿಳಿಸಬಹುದು. ಅದಕ್ಕೆ ಚಂದಾ ಕಟ್ಟಬೇಕು, ಚಾರ್ಜ್ ಮಾಡಬೇಕು. ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಅನ್ನೋದು ಒಂದೇ ಗುಂಡಿಯ ಸಾಧನ. ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ರಕ್ಷಣಾ ಕೇಂದ್ರಕ್ಕೆ ಸಂಕೇತ ಹೋಗುತ್ತದೆ. ಚಂದಾ ಇಲ್ಲ, ಬ್ಯಾಟರಿ ವರ್ಷಗಟ್ಟಲೆ ಇರುತ್ತದೆ, ಆನ್ ಆದ ಮೇಲೆ ಕನಿಷ್ಠ 24 ಗಂಟೆ ಕೂಗುತ್ತಲೇ ಇರುತ್ತದೆ. ಆದರೆ ಮಾತು ಒಂದೇ, ಕಾಪಾಡಿ. ಮೊದಲೇ ನೋಂದಣಿ ಮಾಡಿಸಿರಬೇಕು. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಪಿಎಲ್‌ಬಿ, ಪದೇ ಪದೇ ಹೋಗುವವರಿಗೆ ಮೆಸೆಂಜರ್. ಯಾವುದೇ ಆಗಲಿ, ಗಾಡಿಯ ಪೆಟ್ಟಿಗೆಯಲ್ಲಲ್ಲ, ಎದೆಯ ಜೇಬಿನಲ್ಲಿ. ಗಾಡಿ ನಿಮ್ಮನ್ನು ಬಿಟ್ಟು ಕೆಳಗುರುಳಿದ ದಿನವೇ ಅದು ಬೇಕಾಗೋದು.

ಅದೇ ಜೇಬಿನ ಜೊತೆ ಬೆಂಕಿಕಡ್ಡಿ, ರಕ್ತ ನಿಲ್ಲಿಸುವ ಬ್ಯಾಂಡೇಜು, ತಲೆಗೆ ಕಟ್ಟುವ ದೀಪ. ಮಳೆಯಂಗಿ, ಉಣ್ಣೆಯ ಒಂದು ಬನಿಯನ್ನು ಚೀಲದಲ್ಲಿ. ಒದ್ದೆಯಾದ ಹತ್ತಿ ಬಟ್ಟೆಯಲ್ಲಿ ಸಂಜೆಯ ಗಾಳಿಗೆ ಗಾಡಿ ಓಡಿಸಿದರೆ ಬೇಸಿಗೆಯಲ್ಲೂ ಹಲ್ಲು ಕಟಕಟ ಅನ್ನುತ್ತದೆ.

ಗುಂಪಾಗಿ ಹೋದರೆ

ಎಲ್ಲರೂ ಎಲ್ಲ ಹೊರಬೇಕಿಲ್ಲ. ಪಂಪು ಒಬ್ಬರ ಹತ್ತಿರ, ವಿಂಚಿನ ಪುಲ್ಲಿ ಇನ್ನೊಬ್ಬರ ಹತ್ತಿರ, ಬೆಲ್ಟು ಅವರವರದು. ಆದರೆ ನೀರು, ದೀಪ, ಮಳೆಯಂಗಿ ಮಾತ್ರ ಹಂಚಿಕೊಳ್ಳೋ ಸಾಮಾನಲ್ಲ. ಗುಂಪು ಚದುರಿದಾಗಲೇ ಅವು ಬೇಕಾಗೋದು.

ಪೆಟ್ರೋಲಿನ ಲೆಕ್ಕ ಹಾಕೋದು ಗುಂಪಿನ ಅತಿ ಸಣ್ಣ ಟ್ಯಾಂಕಿನ ಮೇಲೆ, ದೊಡ್ಡದರ ಮೇಲಲ್ಲ. ನಮ್ಮ ಗುಂಪಿನ ಒಂದು ಗಾಡಿಗೆ 14 ಲೀಟರಿನ ಟ್ಯಾಂಕು. ಅವನಿಗೆ ಬೇಕಾದರೆ ನನ್ನ ಟ್ಯಾಂಕಿನಿಂದ ಹೀರಿ ಕೊಟ್ಟರಾಯಿತು ಅಂದುಕೊಂಡಿದ್ದೆವು. ಒಮ್ಮೆ ಕೊಡೋಕೆ ಹೋದಾಗ ನಳಿಗೆ ಟ್ಯಾಂಕಿನ ಬಾಯಿಯೊಳಗಿನ ಜಾಲರಿಗೆ ತಾಗಿ ಕೆಳಗೇ ಇಳಿಯಲಿಲ್ಲ. ಅರ್ಧ ಗಂಟೆ ಒದ್ದಾಡಿ, ಕೊನೆಗೆ ಅವನ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದೆವು. ಈಗ 4 ಲೀಟರಿನ ಚಪ್ಪಟೆ ಕ್ಯಾನು ಅವನ ರ್ಯಾಕ್‌ನಲ್ಲೇ ಇರುತ್ತದೆ.

ಮನೆಗೆ ಬಂದ ಮೇಲೆ ಕ್ಯಾನಿನಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆ ಅಂತ ಇಡಬೇಡಿ. ಪೆಟ್ರೋಲ್ ತಿಂಗಳುಗಟ್ಟಲೆ ಕೂತರೆ ಕೆಡುತ್ತದೆ, ಎಥನಾಲ್ ಬೆರೆಸಿದ್ದಾದರೆ ನೀರನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ಸುರಿದುಬಿಡಿ. ಸುರಿಯುವಾಗ ಎಷ್ಟು ಲೀಟರ್ ಉಳಿದಿತ್ತು ಅಂತ ಅವರ್ ಮೀಟರಿನ ಪಕ್ಕ ಬರೆದಿಡಿ.